ಸೊಲ್ಲು ಸಿಗದ ವರ್ಷದ ಜೋಡಿ

ಹೋದ ವಾರ ಸಿಂಧಘಟ್ಟದಲ್ಲಿ ಮದುವೆ. ಚೌಟ್ರಿಯಲ್ಲಿ ಮಾಡದೆ ಮನೆ ಮುಂದೆಯೇ ಚಪ್ಪರ ಹಾಕಿದ್ದರು. ಒಳಗೆ ಕಾಲಿಟ್ಟ ತಕ್ಷಣ ನೇರಳೆ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಬಾಡುವುದಕ್ಕೆ ಶುರುವಾದ ನೇರಳೆ ಸೊಪ್ಪಿಗೆ ಒಂದು ಒಗರು ಒಗರು ವಾಸನೆ ಇರುತ್ತದೆ. ನನಗೆ ಅದು ಬಂದರೆ ಸಾಕು, ಆ ಯುದ್ಧದ ವರ್ಷದ ಮದುವೆಗಳೆಲ್ಲ ಸಾಲುಗಟ್ಟಿ ಎದುರಿಗೆ ನಿಲ್ಲುತ್ತವೆ. ಯಾರಿಗೆ ಬೇಕಿತ್ತು ಅವೆಲ್ಲ! ಊಟ ಮಾಡಿ ಬರೋಣ ಅಂತ ಹೋದವಳು ನಾನು.

ಪಕ್ಕದಲ್ಲಿ ದೊಡ್ಡವ್ವ ಕುಂತಿದ್ದಳು. ಪುಟ್ಟತಾಯಮ್ಮ, ನಮ್ಮವ್ವನ ಅಕ್ಕ. ಬಿಂಡಿಗನವಿಲೆಯಿಂದ ಆಚೆ ನಾಲ್ಕು ತಾಲ್ಲೂಕಿನಲ್ಲೂ ಸೋಬಾನೆ ಅಂದರೆ ಅವಳ ಹೆಸರು ಹೇಳುತ್ತಿದ್ದ ಕಾಲ ಇತ್ತು. ಮದುವಣಗಿತ್ತಿಯ ತಂಗಿ, ಇನ್ನೂ ಕಾಲೇಜು ಹುಡುಗಿ, ಮೈಕು ಹಿಡಿದುಕೊಂಡು ಬಂದು ಕೇಳಿತು.

"ಅಜ್ಜಿ, ಒಂದ್ ಪದ ಏಳಜ್ಜಿ."

"ನಂದು ಮುಗೀತು ಕಣವ್ವ. ಇಗೋ ಇವಳ್ನ ಕೇಳು," ಎಂದು ನನ್ನ ಕಡೆ ಕೈ ತೋರಿಸಿ, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡಳು.

ಆ ಹುಡುಗಿಗೆ ಏನು ಗೊತ್ತು, ಪಾಪ. ಅಜ್ಜಿಗೆ ವಯಸ್ಸಾಯಿತು, ಉಸಿರು ಹಿಡಿಯುವುದಿಲ್ಲ ಅಂದುಕೊಂಡಿರಬೇಕು. ದೊಡ್ಡವ್ವನ ಗಂಟಲಿಗೆ ಇವತ್ತಿಗೂ ಏನೂ ಆಗಿಲ್ಲ. ಎಮ್ಮೆಯನ್ನು ಕೂಗಿ ಕರೆದರೆ ಮೂರು ಮನೆ ಆಚೆ ಕೇಳುತ್ತದೆ.

ದೊಡ್ಡವ್ವ ಮುಂದಾಳಾಗಿದ್ದ ನಮ್ಮ ಸೋಬಾನೆ ಮೇಳದ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಸೆಮಣೆ ಮುಂದೆ ಹಾಡುವಾಗ ಹೆಸರು ಎತ್ತುವುದು ಅಂತ ಒಂದು ಭಾಗ ಬರುತ್ತದೆ. ಹೆಸರುಗಳು ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತವೆ. ಅಜ್ಜನ ಹೆಸರನ್ನು ಮುಂದಾಳು ಎತ್ತಿದರೆ ಅಜ್ಜಿಯ ಹೆಸರನ್ನು ನಾವು ಹಿಂದಿನವರು ಸೊಲ್ಲಾಗಿ, ಅಂದರೆ ಅದೇ ಧಾಟಿಯಲ್ಲಿ ತಿರುಗಿ ಹಾಡಿ, ಕೊಡಬೇಕು. ಸೋದರಮಾವನನ್ನು ಅವಳು ಕರೆದರೆ ಸೋದರತ್ತೆಯನ್ನು ನಾವು ಕರೆಯಬೇಕು. ಹೀಗೆ ಮನೆಯವರದೆಲ್ಲ ಮುಗಿದ ಮೇಲೆ, ಕೊನೆಗೆ ವರ್ಷದ ಜೋಡಿ ಅಂತ ಒಂದಿರುತ್ತದೆ. ಇದು ದೊಡ್ಡವ್ವನ ಅತ್ತೆಯ ಕಾಲದಿಂದ ಬಂದದ್ದು. ನಮ್ಮ ಲೆಕ್ಕದಲ್ಲಿ ವರ್ಷ ಅಂದರೆ ಮಾಘದಿಂದ ವೈಶಾಖದ ತನಕದ ಲಗ್ನದ ಕಾಲ. ಆ ವರ್ಷದ ಮೊದಲನೆಯ ಮದುವೆಯಲ್ಲಿ ಮುಂದಾಳು ತನಗೆ ಬೇಕಾದ ಎರಡು ಹೆಸರು ಕಟ್ಟುತ್ತಾಳೆ. ಅವರಿಗೆ ಒಳ್ಳೆಯದಾಗಲಿ ಅಂತ ಆ ಕಾಲದ ಮದುವೆಗಳಲ್ಲೆಲ್ಲ ಆ ಜೋಡಿಯನ್ನು ಎತ್ತುತ್ತೇವೆ. ಒಂದು ವರ್ಷ ಮಕ್ಕಳಾಗದ ಗಂಡ ಹೆಂಡತಿಯನ್ನು ಕಟ್ಟಿದ್ದಳು. ಇನ್ನೊಂದು ವರ್ಷ ನಮ್ಮೂರ ಕೆರೆಯನ್ನೂ ಮಳೆರಾಯನನ್ನೂ ಕಟ್ಟಿದ್ದಳು.

ಕಟ್ಟಿದ ಜೋಡಿಯನ್ನು ಆ ವರ್ಷ ಮುಗಿಯುವ ತನಕ ಬಿಚ್ಚುವ ಹಾಗಿಲ್ಲ. ಇಬ್ಬರಲ್ಲಿ ಒಬ್ಬರು ಸತ್ತರೆ ಮಾತ್ರ ಸತ್ತವರ ಹೆಸರು ತೆಗೆದು ಬೇರೆ ಹೆಸರು ಹಾಕಬಹುದು. ಇನ್ನೊಂದು, ಮುಂದಾಳು ಯಾವತ್ತೂ ತನ್ನ ಹೆಸರು ತಾನೇ ಎತ್ತಬಾರದು. ಎತ್ತಿದರೆ ಅವಳ ಹಾಡು ಅಲ್ಲಿಗೆ ಮುಗಿಯಿತು ಅಂತ ಲೆಕ್ಕ.

ಯುದ್ಧ ಶುರುವಾದಾಗ ಮಾಘ ಮಾಸ, ರಾಗಿ ಒಕ್ಕಣೆ ಆಗ ತಾನೆ ಮುಗಿದಿತ್ತು. ಗಡಿಯಲ್ಲಿ ಏನಾಯಿತು, ಮೊದಲು ಕೈ ಎತ್ತಿದವರು ಯಾರು, ಅದೆಲ್ಲ ನನಗೆ ಆವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ದಿಲ್ಲಿಯಲ್ಲಿ ಕುಂತು ದೇಶ ಆಳುತ್ತಿದ್ದ ನಾಯಕರು ಟೀವಿಯಲ್ಲಿ ಬಂದು ಮಾತಾಡಿದರು. ಅಬ್ಬಬ್ಬಾ, ಏನು ಮಾತು! ನನಗೂ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಬಿಂಡಿಗನವಿಲೆಯ ನನ್ನ ಹೊಲಿಗೆ ಅಂಗಡಿಗೆ ಬಾವುಟ ಹೊಲಿದುಕೊಡು ಅಂತ ಹುಡುಗರು ಸಾಲು ನಿಂತರು. ಟ್ರಾಕ್ಟರಿಗೆ, ಹಾಲಿನ ಡೈರಿಗೆ, ಕುರಿ ದೊಡ್ಡಿ ಬಾಗಿಲಿಗೂ ಬಾವುಟ ಕಟ್ಟಿದರು. ಸರ್ಕಲ್ಲಿನಲ್ಲಿ ನಾಯಕರ ಫ್ಲೆಕ್ಸು ಒಂದು ಮಹಡಿ ಎತ್ತರಕ್ಕೆ ನಿಂತಿತು.

ದೊಡ್ಡವ್ವನ ಒಬ್ಬನೇ ಮಗ ನಂಜುಂಡ ಮಿಲಿಟರಿಯಲ್ಲಿದ್ದ. ರಜಕ್ಕೆ ಬಂದವನನ್ನು ಅರ್ಧಕ್ಕೇ ವಾಪಸು ಕರೆಸಿಕೊಂಡರು. ಅವ್ವನ ಗಂಟಲೇ ಅವನಿಗೂ ಬಂದಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು "ಒಯ್ತೀನಿ ಕಣವ್ವಾ" ಅಂತ ಕೂಗಿದ್ದು ಇಡೀ ಸ್ಟಾಂಡಿಗೆ ಕೇಳಿಸಿತು. ನಾವು ಯಾರೂ ಅವತ್ತು ಅಳಲಿಲ್ಲ. ಅಳುವಂಥದ್ದು ಏನಿದೆ ಅಂತ ಅನ್ನಿಸಿತ್ತು ಆಗ.

ಆ ವರ್ಷದ ಮೊದಲ ಮದುವೆ ನಾಗಮಂಗಲದ ಚೌಟ್ರಿಯಲ್ಲಿ. ಮನೆಯವರ ಹೆಸರೆಲ್ಲ ಎತ್ತಿ ಆದ ಮೇಲೆ ದೊಡ್ಡವ್ವ ಒಂದು ಗಳಿಗೆ ನಿಂತಳು. ವರ್ಷದ ಜೋಡಿ ಏನು ಕಟ್ಟುತ್ತಾಳೋ ಅಂತ ನಾವು ಕಾಯುತ್ತಿದ್ದೆವು. ನಾಯಕರ ಹೆಸರು ಅವಳ ನಾಲಗೆಗೆ ಸರಿಯಾಗಿ ತಿರುಗುತ್ತಿರಲಿಲ್ಲ. ಅದಕ್ಕೆ ಅವಳದೇ ಒಂದು ಹೆಸರು ಇಟ್ಟುಕೊಂಡಿದ್ದಳು.

"ದಿಲ್ಲಿಯ ದೊರೆ ಹಸೆಗೆ ಬಂದ, ಸೋಬಾನವೇ" ಎಂದು ಎತ್ತಿ, ನಮ್ಮ ಕಡೆ ತಿರುಗಿ ಸೊಲ್ಲನ್ನೂ ಹೇಳಿಕೊಟ್ಟಳು: "ಅವನ ಬೆನ್ನಿಗೆ ನಮ್ಮ ನಂಜುಂಡ ಬಂದ, ಸೋಬಾನವೇ."

ನಾವು ಸೊಲ್ಲು ಕೊಟ್ಟೆವು. ನಾವಷ್ಟೇ ಅಲ್ಲ, ಊಟದ ಸಾಲಿನಲ್ಲಿದ್ದ ಹೆಂಗಸರೂ ಕೊಟ್ಟರು. ಗಂಡಸರು ಶಿಳ್ಳೆ ಹೊಡೆದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಎಲ್ಲಾ ಕಡೆ ಕಳಿಸಿದರು. ಆಮೇಲೆ ನೋಡಿ, ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ, ಶ್ರೀರಂಗಪಟ್ಟಣದಿಂದ ಮದುವೆ ಮನೆಯವರೆಲ್ಲ ಫೋನು ಮಾಡುವವರೇ. "ದಿಲ್ಲಿ ದೊರೆ ಪದ ಏಳ್ತಾರಲ್ಲ, ಆ ಮೇಳನೇ ಬೇಕು." ನಮ್ಮ ಮೇಳದ ಜಯಮ್ಮ, ಹೊಣಕೆರೆ ಕಡೆಯಿಂದ ಬಂದ ಸೊಸೆ, ಬಾಯಿಬಡುಕಿ, ಟೆಂಪೋದಲ್ಲಿ ಕುಂತು ನಕ್ಕಿದ್ದೇ ನಕ್ಕಿದ್ದು.

"ಪುಟ್ಟತಾಯಕ್ಕ, ನಿನ್ ಮಗ ಯುದ್ಧ ಗೆದ್ ಬರೋ ಒತ್ಗೆ ನೀನು ಎಮ್ಮೆಲ್ಲೆ ಆಗಿರ್ತೀಯ ಬುಡು."

"ಥೂ ಸುಮ್ಕಿರೆ," ಅಂದಳು ದೊಡ್ಡವ್ವ. ಆದರೆ ಮುಖ ಅರಳಿತ್ತು. ಬೆನ್ನಿಗೆ ನಿಂತವನನ್ನು ದೊರೆ ಕೈಬಿಡುವುದಿಲ್ಲ ಅನ್ನುವುದು ಅವಳ ನಂಬಿಕೆ. ಮಗನನ್ನು ದೊಡ್ಡವರ ನೆರಳಿಗೆ ಸೇರಿಸಿಬಿಟ್ಟೆ ಅಂತ ಅವಳಿಗೆ ನೆಮ್ಮದಿ.

ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂದಿದ್ದ ಯುದ್ಧ ಶಿವರಾತ್ರಿಗೂ ಮುಗಿಯಲಿಲ್ಲ, ಯುಗಾದಿಗೂ ಮುಗಿಯಲಿಲ್ಲ. ನಾಯಕರು ವಾರ ವಾರ ಟೀವಿಯಲ್ಲಿ ಬಂದು "ಇನ್ನೇನು ಮುಗಿಯಿತು" ಅನ್ನುತ್ತಿದ್ದರು. ಮೊದಮೊದಲು ನಂಬಿದೆವು. ಆಮೇಲೆ ಡೀಸೆಲ್ಲಿಗೆ ಬಂಕಿನ ಮುಂದೆ ಕ್ಯಾನು ಇಟ್ಟು ಕಾಯುವ ಹಾಗಾಯಿತು. ನಾಗಮಂಗಲದ ಬಸ್ಸು ದಿನಕ್ಕೆ ಎರಡೇ ಟ್ರಿಪ್ಪಿಗೆ ಇಳಿಯಿತು. ಗೊಬ್ಬರ ಸಿಗಲಿಲ್ಲ. ಮಿಲಿಟರಿ ಹುಡುಗರಿಗೆ ರಜ ಸಿಗದೆ ಗೊತ್ತಾಗಿದ್ದ ಮದುವೆಗಳು ನಿಂತವು. ಬಿಸಿಲು ಬೇರೆ ಆ ವರ್ಷ ಹೇಳತೀರದು. ಟೆಂಪೋ ತಗಡಿಗೆ ಕೈ ಇಟ್ಟರೆ ಚುರ್ ಅನ್ನುತ್ತಿತ್ತು.

ಜನ ಒಂದೇ ದಿನ ಸಿಟ್ಟಿಗೇಳಲಿಲ್ಲ, ಅವರಿಗೆ ನಿಧಾನಕ್ಕೆ ಸಾಕಾಯಿತು. ಟೀ ಅಂಗಡಿಯವನು ನಾಯಕರ ಮಾತು ಬಂದಾಗ ಸದ್ದು ಕಡಿಮೆ ಮಾಡುತ್ತಿದ್ದವನು, ಆಮೇಲೆ ಟೀವಿಯನ್ನೇ ಆರಿಸತೊಡಗಿದ. ಯಾರೂ ಯಾಕಪ್ಪಾ ಅನ್ನಲಿಲ್ಲ. ಟೆಂಪೋ ಪಂಕ್ಚರ್ ಆಗಿ, ಆಯಿತೇನಪ್ಪಾ ಅಂತ ಕೇಳಿದರೆ ಡ್ರೈವರು ಜಾಕು ತಿರುಗಿಸುತ್ತಾ "ಇನ್ನೇನ್ ಮುಗೀತು" ಅನ್ನುವನು. ಮದುವೆ ಮನೆಯಲ್ಲಿ ಅನ್ನ ಬೇಯದಿದ್ದರೂ ಭಟ್ಟರು "ಇನ್ನೇನು ಮುಗೀತು" ಅನ್ನುವರು. ಎಲ್ಲರೂ ಗೊಳ್ಳೆಂದು ನಗುವರು. ಆ ನಗುವಿನಲ್ಲಿ ದೊಡ್ಡವ್ವ ಮಾತ್ರ ಸೇರುತ್ತಿರಲಿಲ್ಲ. ಸರ್ಕಲ್ಲಿನ ಫ್ಲೆಕ್ಸು ಬಿಸಿಲಿಗೆ ಮಾಸಿ ಒಂದು ಕಡೆ ಹರಿದು ಜೋತುಬಿದ್ದಿತ್ತು. ಯಾರೋ ಪುಣ್ಯಾತ್ಮ ಬಿಚ್ಚಿಕೊಂಡು ಹೋಗಿ ಹುಲ್ಲಿನ ಮೆದೆಗೆ ಹೊದಿಸಿದ. ನಾಯಕರು ಮೆದೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು. ಮೇಲೆ ಕೋಳಿಗಳು ಓಡಾಡುತ್ತಿದ್ದವು.

ಹಾಡಿನಲ್ಲೂ ಅದು ಕಾಣತೊಡಗಿತು. ಇದೇ ಸಿಂಧಘಟ್ಟದ ಒಂದು ಮದುವೆಯಲ್ಲಿ ದಿಲ್ಲಿ ದೊರೆ ಹಸೆಗೆ ಬಂದಾಗ ಊಟದ ಸಾಲಿನವರು ತಲೆ ಎತ್ತಲಿಲ್ಲ. ಸೊಲ್ಲು ಮೇಳದ್ದು ಮಾತ್ರ ಆಯಿತು. ಮುಂದಿನ ಮದುವೆಯಲ್ಲಿ ಮೇಳದವರದೇ ಅರ್ಧ ಬಾಯಿ ಮುಚ್ಚಿತ್ತು. ಒಬ್ಬಳಿಗೆ ಕೆಮ್ಮು, ಇನ್ನೊಬ್ಬಳಿಗೆ ಸರಿಯಾಗಿ ಅದೇ ಹೊತ್ತಿಗೆ ಸೆರಗು ಸರಿಮಾಡಿಕೊಳ್ಳುವ ಕೆಲಸ.  ನಾನು ದೊಡ್ಡವ್ವನ ಪಕ್ಕದಲ್ಲೇ ನಿಲ್ಲುವವಳು, ಅವಳಿಗೆ ಅದು ನಾಟುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಜನ ಸೊಲ್ಲು ಕೊಡದೆ ಇದ್ದದ್ದು ದೊರೆಯ ಮೇಲಿನ ಬೇಸರಕ್ಕೆ. ಆದರೆ ದೊರೆಯ ಹೆಸರನ್ನು ಎತ್ತುತ್ತಿದ್ದವಳು ದೊಡ್ಡವ್ವ, ಅದು ಹೇಗೂ ಕೇಳುತ್ತಿತ್ತು. ಸೊಲ್ಲಿನಲ್ಲಿದ್ದ ಹೆಸರು ನಂಜುಂಡನದು. ಹಿಂದಿನವರು ಬಾಯಿ ಮುಚ್ಚಿದರೆ ಚಪ್ಪರದಲ್ಲಿ ಇಲ್ಲವಾಗುತ್ತಿದ್ದದ್ದು ಅವನ ಹೆಸರು.

ಪಾಂಡವಪುರದ ಮದುವೆಗೆ ಹೋಗುವ ಹೊತ್ತಿಗೆ ಜಯಮ್ಮನ ತವರೂರಿಗೆ ಗಡಿಯಿಂದ ಒಂದು ಪೆಟ್ಟಿಗೆ ಬಂದಿತ್ತು. ಇಪ್ಪತ್ತೆರಡರ ಹುಡುಗ. ಜಯಮ್ಮ ಹೋಗಿ ನೋಡಿಕೊಂಡು ಬಂದಿದ್ದಳು. ಪೆಟ್ಟಿಗೆ ತೆಗೆಯಬೇಡಿ ಅಂದರಂತೆ, ತೆಗೆಯಲಿಲ್ಲವಂತೆ. ಹೆತ್ತವಳು ಪೆಟ್ಟಿಗೆಯ ಹಲಗೆಯನ್ನೇ ಸವರುತ್ತಾ ಕುಂತಿದ್ದಳಂತೆ. ಅವತ್ತು ಸಾಯಂಕಾಲವೂ ಟೀವಿಯಲ್ಲಿ "ಇನ್ನೇನು ಮುಗಿಯಿತು" ಅಂತಲೇ ಬಂತು.

ಆ ಮದುವೆಯಲ್ಲಿ ವರ್ಷದ ಜೋಡಿ ಬಂದಾಗ ಸೊಲ್ಲು ಕೊಟ್ಟವಳು ನಾನೊಬ್ಬಳೇ. ನನ್ನದು ಸೊಲ್ಲಿನ ಗುಂಪಿನಲ್ಲಿ ನಡೆದುಹೋಗುವ ಗಂಟಲು, ಒಂಟಿಯಾಗಿ ಎತ್ತುವಂಥದ್ದಲ್ಲ. ಒಡಕು ಬಿಂದಿಗೆ ಬಡಿದ ಹಾಗೆ ಕೇಳಿಸಿತು. ಹಸೆಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ನನಗೆ ನಾಚಿಕೆ, ಸಿಟ್ಟು, ಅಳು ಎಲ್ಲಾ ಒಟ್ಟಿಗೆ ಬಂತು.

ಟೆಂಪೋ ಹತ್ತಿದ ಕೂಡಲೇ ದೊಡ್ಡವ್ವ ಕೇಳಿದಳು. "ಯಾಕೆ ಜಯಾ, ಬಾಯ್ಗೆ ಏನ್ ಬಂದಿತ್ತು ನಿಂಗೆ?"

"ಆ ಯೆಸ್ರಿಗೆ ನಾನು ಸೊಲ್ಲು ಕೊಡಾಕಿಲ್ಲ ಕಣಕ್ಕ."

"ಸೊಲ್ಲಲ್ಲಿರೋದು ನನ್ ಮಗ್ನ ಯೆಸ್ರು ಕಣೆ! ಅವ್ನೇನ್ ಮಾಡಿದ್ದ ನಿಂಗೆ? ಎತ್ಕೊಂಡ್ ಆಡ್ಸಿದ್ದಲ್ಲೆ ನೀನು ಅವ್ನ."

ಜಯಮ್ಮನಿಗೆ ಅಳು ಬಂದುಬಿಟ್ಟಿತು. "ಅದ್ಕೇ ಕಣಕ್ಕ. ನಂಜುಂಡನ್ ಯೆಸ್ರು ಸಾವ್ರ ಸತಿ ಎತ್ತು ಅನ್ನು, ಎತ್ತೀನಿ. ಆ ದೊರೆ ಬೆನ್ನಿಗೆ ನಿಲ್ಸಿ ಎತ್ತು ಅಂದ್ರೆ ನನ್ ಕೈಲಾಗಕಿಲ್ಲ. ಬೆನ್ನಿಗ್ ನಿಂತೋರೆಲ್ಲ ಎಂಗ್ ಬತ್ತಾವ್ರೆ ಅಂತ ನೋಡ್ಕಂಡ್ ಬಂದಿವ್ನಿ. ತೆಗುದ್ ಬುಡಕ್ಕ ಆ ಯೆಸ್ರ. ನಿನ್ ದಮ್ಮಯ್ಯ."

"ತೆಗುದ್ರೆ ಒಬ್ರು ಸತ್ರು ಅಂತ ಅಲ್ವೇನೆ? ಯಾರ್ ಸತ್ರು ಅಂತ ತೆಗೀಲಿ? ನಾಳೆ ದೊರೆಗೇ ಏನಾರಾ ಆದ್ರೆ, ಅವ್ನ ಹಿಂದ್ಗಡೆ ಇರೋ ನನ್ ಮಗನ್ ಗತಿ ಏನು?"

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು, ನನಗೆ ಅದೇ ದೊಡ್ಡ ಕಷ್ಟ.

ಅಷ್ಟರಲ್ಲಿ ನಂಜುಂಡನ ಫೋನು ನಿಂತುಹೋಗಿತ್ತು. ಮೊದಲು ಭಾನುವಾರ ಭಾನುವಾರ ಬರುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ ಆಗಿ, ಆಮೇಲೆ ಇಲ್ಲವೇ ಇಲ್ಲ. ದೊಡ್ಡವ್ವ ಮೊಬೈಲನ್ನು ಕುಪ್ಪಸದೊಳಗೆ ಇಟ್ಟುಕೊಂಡೇ ಸಗಣಿ ಬಾಚುತ್ತಿದ್ದಳು, ಹಾಲು ಕರೆಯುತ್ತಿದ್ದಳು. ಡೈರಿಗೆ ಹಾಲು ಹಾಕಲು ಬಂದವಳು ನನ್ನ ಅಂಗಡಿ ಮುಂದೆ ನಿಂತು, "ಇದ್ರಾಗೆ ಸದ್ದು ಬತ್ತದೋ ಇಲ್ವೋ ನೋಡೇ ಸಾವಿತ್ರಿ" ಅಂತ ದಿನಾ ಕೇಳುವಳು. ನಾನು ನನ್ನ ಫೋನಿನಿಂದ ಮಾಡಿ ತೋರಿಸುವೆನು. ಸದ್ದು ಬರುತ್ತಿತ್ತು. ಅವಳ ಮುಖ ಇನ್ನಷ್ಟು ಇಳಿಯುತ್ತಿತ್ತು. ಅದು ಕೆಟ್ಟಿದೆ ಅಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೊನೆಯ ಮದುವೆ ಶ್ರೀರಂಗಪಟ್ಟಣದಲ್ಲಿ, ಹೊಳೆ ಹತ್ತಿರದ ಒಂದು ಚೌಟ್ರಿ. ಚೌಟ್ರಿಯಾದರೂ ಬಾಗಿಲಿಗೆ ನೇರಳೆ ಸೊಪ್ಪಿನ ಚಪ್ಪರ ಕಟ್ಟಿದ್ದರು, ಶಾಸ್ತ್ರಕ್ಕೆ. ವೈಶಾಖದ ಕಡೆಯ ಲಗ್ನ ಅದು, ಅದಾದ ಮೇಲೆ ಆ ವರ್ಷ ನಮ್ಮ ಹಾಡಿಲ್ಲ. ನಾವು ಕೈಕಾಲು ತೊಳೆಯುತ್ತಿದ್ದಾಗ ಹೆಣ್ಣಿನ ತಾಯಿ ಬಂದು ದೊಡ್ಡವ್ವನ ಎರಡೂ ಕೈ ಹಿಡಿದುಕೊಂಡಳು.

"ತಪ್ಪು ತಿಳ್ಕೋಬ್ಯಾಡಿ ಅಮ್ಮಾ. ಗಂಡಿನ ಚಿಕ್ಕಪ್ಪನ ಮಗ ಹೋದ ತಿಂಗ್ಳು ಗಡೀಲೇ ಓಗ್ಬುಟ್ಟ. ಮದುವೆ ನಿಲ್ಸಬಾರ್ದು ಅಂತ ಮಾಡ್ತಾವ್ರೆ. ದಿಲ್ಲಿ ದೊರೆ ಪದ ಎತ್ತುದ್ರೆ ನಾವು ಎದ್ದೋಯ್ತೀವಿ ಅಂತ ಬೀಗರ ಕಡೆಯೋರು ಏಳವ್ರೆ. ಅದೊಂದ್ ಬುಟ್ಟು ಮಿಕ್ಕಿದ್ದೆಲ್ಲಾ ಆಡಿ."

ದೊಡ್ಡವ್ವ ಅವಳ ಮುಖವನ್ನೇ ನೋಡಿದಳು. ಆಗಲಿ ಅನ್ನಲಿಲ್ಲ, ಆಗಲ್ಲ ಅನ್ನಲೂ ಇಲ್ಲ. "ನಡೀರಿ, ಒತ್ತಾಯ್ತು" ಅಂದಳು, ಅಷ್ಟೇ.

ಹಸೆಯ ಮುಂದೆ ನಿಂತೆವು. ಮುಂದಿನ ಸಾಲಿನಲ್ಲೇ ಬೀಗರ ಕಡೆಯ ಹೆಂಗಸರು, ನಡುವೆ ಒಬ್ಬಳು ಮಾಸಲು ಸೀರೆಯವಳು, ಕೈಯಲ್ಲಿ ಮಡಿಸಿದ ಟವಲು. ಸತ್ತ ಹುಡುಗನ ತಾಯಿ ಅವಳೇ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅಜ್ಜ ಬಂದ, ಅಜ್ಜಿ ಬಂದಳು. ಮಾವ ಬಂದ, ಅತ್ತೆ ಬಂದಳು. ಒಂದೊಂದು ಜೋಡಿ ಮುಗಿದ ಹಾಗೂ ವರ್ಷದ ಜೋಡಿ ಹತ್ತಿರ ಬರುತ್ತಿತ್ತು. ಎತ್ತಿದರೆ ಈ ಜನ ಎದ್ದು ಹೋಗುತ್ತಾರೆ. ಎತ್ತದಿದ್ದರೆ ವರ್ಷದ ಕೊನೆಯ ಚಪ್ಪರದಲ್ಲಿ ನಂಜುಂಡನ ಹೆಸರು ಬಿಟ್ಟ ಹಾಗಾಗುತ್ತದೆ, ಫೋನಿಲ್ಲದ ಮಗನ ಹೆಸರು. ದೇವರೇ, ಕರೆಂಟಾದರೂ ಹೋಗಬಾರದೇ ಅಂದುಕೊಂಡೆ.

ಮನೆಯವರ ಹೆಸರೆಲ್ಲ ಮುಗಿದವು. ದೊಡ್ಡವ್ವ ನಿಂತಳು. ನಾಗಮಂಗಲದಲ್ಲಿ ನಿಂತಿದ್ದ ಹಾಗೆಯೇ. ಮುಂದಿನ ಸಾಲಿನಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಅವಳು ಆ ಟವಲಿನ ಹೆಂಗಸನ್ನು ನೋಡುತ್ತಲೇ ಎತ್ತಿದಳು.

"ಹೆತ್ತವ್ವ ಪುಟ್ಟತಾಯಿ ಹಸೆಗೆ ಬಂದ್ಲು, ಸೋಬಾನವೇ."

ನನಗೆ ತಕ್ಷಣ ಹೊಳೆಯಲಿಲ್ಲ. ಪುಟ್ಟತಾಯಿ ಯಾರು ಈ ಮನೆಯಲ್ಲಿ ಅಂದುಕೊಂಡೆ. ಆಮೇಲೆ ತಿಳಿಯಿತು, ಪುಟ್ಟತಾಯಿ ದೊಡ್ಡವ್ವನೇ. ತನ್ನ ಹೆಸರು ತಾನೇ ಎತ್ತಿಬಿಟ್ಟಿದ್ದಳು.

ಮೊದಲು ಬಾಯಿ ತೆಗೆದವಳು ಜಯಮ್ಮ. "ಅವಳ ಬೆನ್ನಿಗೆ ನಮ್ಮ ನಂಜುಂಡ ಬಂದ!" ಎಂದು ಅಳುತ್ತಲೇ ಕೊಟ್ಟಳು ಸೊಲ್ಲು. ನಾನು ಸೇರಿಕೊಂಡೆ, ಮೇಳವೆಲ್ಲ ಸೇರಿತು. ಮತ್ತೆ ಎತ್ತಿದಳು ದೊಡ್ಡವ್ವ. ಈ ಸಲ ಮುಂದಿನ ಸಾಲಿನಿಂದಲೂ ಬಂತು. ಟವಲಿನ ಹೆಂಗಸಿನ ತುಟಿ ಅಲ್ಲಾಡಿತು, ಸ್ವರ ಕೇಳಲಿಲ್ಲ. ಎಷ್ಟೋ ಮದುವೆಗಳಾದ ಮೇಲೆ ನಂಜುಂಡನ ಹೆಸರು ಇಡೀ ಚಪ್ಪರಕ್ಕೆ ಕೇಳಿಸಿತು.

ಹಾಡು ಮುಗಿದ ಮೇಲೆ ದೊಡ್ಡವ್ವ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಅದು ಮುಂದಾಳು ಹಿಡಿಯುವ ತಟ್ಟೆ. ನಾನು ಬೇಡ ಬೇಡ ಅಂದೆ.

"ಇಡ್ಕಳೆ. ಭಾರ ಏನಿಲ್ಲ" ಅಂದಳು.

ಬರುವಾಗ ಟೆಂಪೋದಲ್ಲಿ ತಡೆಯದೆ ಕೇಳಿದೆ. "ದೊರೆ ಬದುಕವ್ನಲ್ಲ ದೊಡ್ಡವ್ವ. ಎಂಗೆ ತೆಗುದ್ಯೆ?"

"ನನ್ ಪಾಲ್ಗೆ ಇಲ್ಲ ಕಣೆ ಅವ್ನು" ಅಂದಳು. ಅವಳ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಧೈರ್ಯ ಬರುತ್ತಿತ್ತೇನೋ. ಸುಸ್ತಾದವಳ ಹಾಗೆ ಹೇಳಿ ಕಿಟಕಿಗೆ ತಲೆ ಆನಿಸಿದಳು. ನನಗೆ ಆಗಲೇ ಅನ್ನಿಸಿದ್ದು, ದೊರೆಯವರ ಕೆಲಸ ಇನ್ನು ಮುಗಿಯಿತು ಅಂತ. ಪೇಪರಿನಲ್ಲಿ, ಟೀವಿಯಲ್ಲಿ ಬೈಯುವವರು ಬೈಯುತ್ತಲೇ ಇದ್ದರು, ಅದರಿಂದ ಅವರಿಗೇನೂ ಆದ ಹಾಗೆ ಕಂಡಿರಲಿಲ್ಲ. ಆದರೆ ಈ ಹೆಂಗಸೇ ಕೈಬಿಟ್ಟ ಮೇಲೆ ಅವರಿಗೆ ಇನ್ನು ಯಾರು ಉಳಿದಿರುತ್ತಾರೆ?

ಯುದ್ಧ ಯಾರೂ ಗೆಲ್ಲದೆ ನಿಂತಿತು. ಅದಾದ ಮೇಲೆ ಬಂದ ಚುನಾವಣೆಯಲ್ಲಿ ನಾಯಕರು ಸೋತರು. ಪಟಾಕಿ ಹೊಡೆಯುವಷ್ಟು ಉಮೇದು ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ.

ನಂಜುಂಡ ಬಂದದ್ದು ಚುನಾವಣೆಗೂ ಮೊದಲೇ, ಯುದ್ಧ ನಿಂತ ಆ ಆಷಾಢದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದಾಗ. ನಾಗಮಂಗಲದ ಬಸ್ಸಿಳಿದವನು ಸೀದಾ ನನ್ನ ಅಂಗಡಿ ಮುಂದೆ ನಿಂತು "ಅಕ್ಕಾ" ಅಂದ. ಗುರುತು ಸಿಗಲಿಲ್ಲ. ಅಷ್ಟು ಇಳಿದುಹೋಗಿದ್ದ. ಅಂಗಡಿಗೆ ಬಾಗಿಲು ಹಾಕುವುದನ್ನೂ ಮರೆತು ಅವನ ಜೊತೆ ಮನೆಗೆ ಓಡಿದೆ. ದೊಡ್ಡವ್ವ ಮಗನ ತಲೆ, ಭುಜ, ಕೈ, ಬೆರಳು ಒಂದೊಂದೇ ಮುಟ್ಟಿ ನೋಡಿದಳು. ಎಲ್ಲಾ ಇದ್ದವು. ಆಮೇಲೆ ಒಲೆ ಮುಂದೆ ಹೋಗಿ ಮುದ್ದೆಗೆ ಎಸರಿಟ್ಟಳು. ಅಳಲಿಲ್ಲ.

ಉಣ್ಣುತ್ತಾ ಕುಂತಾಗ ಶ್ರೀರಂಗಪಟ್ಟಣದ ಮದುವೆಯ ಕತೆಯನ್ನು ನಾನೇ ಬಾಯಿ ತಡೆಯಲಾರದೆ ಹೇಳಿದೆ. ಸೊಲ್ಲು ಕೊಡದೆ ನಿಂತ ಮೇಳದ್ದೂ ಹೇಳಿದೆ. ನಂಜುಂಡ ತಲೆ ತಗ್ಗಿಸಿ ಕೇಳಿಸಿಕೊಂಡ. ಮುರಿದ ಮುದ್ದೆ ಕೈಯಲ್ಲೇ ಇತ್ತು.

"ಅಲ್ಲೂ ಅಂಗೇ ಆಯ್ತು ಕಣವ್ವ," ಅಂದ. "ದಿನಾ ಸಂಜೆ ದೊರೆಗೆ ಜೈ ಅಂತ ಕೂಗ್ಸೋರು. ಒಬ್ಬ ಕೂಗ್ಬೇಕು, ಮಿಕ್ಕೋರು ತಿರುಗ್ಸಿ ಅನ್ಬೇಕು. ಮೊದ್ಲು ಬೆಟ್ಟ ಅದುರೋದು. ಬರ್ತಾ ಬರ್ತಾ ಕೂಗೋನು ಒಬ್ನೇ ಕೂಗೋನು. ತಿರುಗ್ಸಿ ಅನ್ನೋರೇ ಇಲ್ಲ. ಎಲ್ರೂ ಬೂಟ್ ನೋಡ್ಕೊಂಡ್ ನಿಂತಿರೋರು."

"ಕೂಗ್ತಿದ್ದೋನು ಯಾವನ್ಲಾ, ಪಾಪ?" ಅಂದಳು ದೊಡ್ಡವ್ವ.

"ನಾನೇ ಕಣವ್ವ. ನಿನ್ ಗಂಟ್ಲು ಅಲ್ವಾ ನಂದು. ನನ್ನೇ ನಿಲ್ಸಿದ್ರು."

ಹೊರಗೆ ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ದೊಡ್ಡವ್ವ ಎದ್ದು ಹೋಗಿ ಇನ್ನೊಂದು ಸೌಟು ಸಾರು ತಂದು ಅವನ ತಟ್ಟೆಗೆ ಬಿಟ್ಟಳು.

"ಉಣ್ಣು ಮಗ," ಅಂದಳು. "ಇನ್ ಕೂಗ್ಬ್ಯಾಡ."